ಕೌದಿ ಆಯಿ ಮತ್ತು ಬಾಯಿ ಮುಚ್ಚಿಸುವ ಪುಸ್ತಕ

ಆಕೆಯ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ನಲವತ್ತು ವರ್ಷ ಕೌದಿ ಹೊಲಿದು, ದಪ್ಪ ಸೂಜಿಯನ್ನು ಹಳೇ ಬಟ್ಟೆಯ ಪದರಗಳೊಳಗೆ ನೂಕಿ ನೂಕಿ, ಆ ಬೆರಳು ಕಟ್ಟಿಗೆಯ ತುಂಡಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಉಗುರು ನಡುವೆ ಸೀಳಿತ್ತು, ಸೀಳಿನಲ್ಲಿ ಯಾವಾಗಲೂ ಒಂದು ನೂಲಿನ ಎಳೆ ಸಿಕ್ಕಿಕೊಂಡಿರುತ್ತಿತ್ತು. ಕವಡೆ ಹಿಡಿದು ಮುಷ್ಟಿ ಅಲ್ಲಾಡಿಸುವಾಗ ನಾಲ್ಕು ಬೆರಳು ಒಳಗೆ, ಅದೊಂದು ಹೊರಗೆ. ಎದುರು ಕುಳಿತವರಿಗೆ ತಮ್ಮನ್ನು ಬೆದರಿಸುತ್ತಿದ್ದಾಳೆ ಅನ್ನಿಸುತ್ತಿತ್ತು. ಬೆದರಿಸುತ್ತಲೂ ಇದ್ದಳು.

ನೆಲೋಗಿಯ ನಮ್ಮ ಓಣಿಯಲ್ಲಿ ಎಲ್ಲರೂ ಆಕೆಯನ್ನು ಕೌದಿ ಆಯಿ ಅನ್ನುತ್ತಿದ್ದೆವು. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಆಕೆಗೆ ಮಕ್ಕಳೂ ಇರಲಿಲ್ಲ, ಮೊಮ್ಮಕ್ಕಳೂ ಇರಲಿಲ್ಲ. ಗಂಡ ಬೇಗ ಹೋಗಿದ್ದ. ಪ್ರೀತಿಯ ಮುದುಕಿ ಅಂತ ಬರೆದರೆ ಸುಳ್ಳು ಬರೆದ ಹಾಗಾಗುತ್ತದೆ. ಯಾರ ಮನೆಗೆ ಕೌದಿ ಹೊಲಿಯಲು ಹೋದರೂ ಅವರ ಚಹಾ ಕುಡಿದು ಅವರ ಚಹಾದಲ್ಲೇ ಕೊಂಕು ತೆಗೆಯುತ್ತಿದ್ದಳು. ಹಳೇ ಸೀರೆ ತೆಗೆದುಕೊಂಡು ಹೋಗಿ ಕೊಟ್ಟರೆ ಬಿಸಿಲಿಗೆ ಹಿಡಿದು ನೋಡಿ, "ಇದೇನ್ ಬಟ್ಟಿಯೋ ಹಪ್ಪಳಾನೋ? ಸೂಜಿ ನೋಡಿದ್ರನ ಹರಿಯಾಕತ್ತದ" ಅಂದು ಮುಖದ ಮೇಲೆ ಒಗೆಯುತ್ತಿದ್ದಳು. ಆದರೂ ಮಧ್ಯಾಹ್ನ ರೊಟ್ಟಿ ಕೆಲಸ ಮುಗಿದ ಮೇಲೆ ಹೆಂಗಸರೆಲ್ಲ ಆಕೆಯ ಕಟ್ಟೆಗೇ ಹೋಗುತ್ತಿದ್ದೆವು. ಯಾಕೆಂದರೆ ಆಟ ಇದ್ದದ್ದು ಅಲ್ಲಿ.

ಚೌಕಾಬಾರ. ಫರಸಿಕಲ್ಲಿನ ಮೇಲೆ ಇದ್ದಿಲಿನಿಂದ ಐದಕ್ಕೆ ಐದು ಮನೆ ಬರೆದು, ನಾಲ್ಕು ಕವಡೆ ಬಿಟ್ಟು, ಬಿದ್ದಷ್ಟು ಮನೆ ಕಾಯಿ ನಡೆಸುವ ಆಟ. ನಾಲ್ವರು ಕೂಡುತ್ತಾರೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಸುತ್ತು ಮುಗಿಸಿ ನಟ್ಟನಡುವಿನ ಮನೆ ಸೇರಿದ ಕಾಯಿ ಹಣ್ಣಾಯಿತು. ದಾರಿಯಲ್ಲಿ ಎದುರಿನವರು ಹೊಡೆದರೆ ಕಾಯಿ ಹೊರಟ ಮನೆಗೆ ವಾಪಸು, ಮತ್ತೆ ಮೊದಲಿನಿಂದ ಹೊರಡಬೇಕು. ಇಷ್ಟು ಎಲ್ಲ ಊರಲ್ಲೂ ಇದೆ.

ನಮ್ಮ ಕೌದಿ ಆಯಿಯ ಕಟ್ಟೆಯ ಮೇಲೆ ಇದರ ಮೇಲೊಂದು ಪದ್ಧತಿ ಇತ್ತು. ಕಾಯಿ ಎದುರಿನವಳ ಮನೆಯ ಮುಂದೆ ಬಂದ ಕೂಡಲೇ ಆಕೆ ಕೇಳಬೇಕು: "ಯಾರವ್ವ ನೀ, ಎಲ್ಲಿಗಿ ಹೊಂಟಿ?" ಕಾಯಿ ಉತ್ತರ ಕೊಡಬೇಕು. ಅದರ ಬಾಯಿ ಅಂದರೆ ಅದನ್ನು ನಡೆಸುವವಳು. ಒಬ್ಬಳ ಕಾಯಿ ತಹಶೀಲ್ದಾರನ ಹೆಂಡತಿ, ಜೀಪು ಬರದೆ ಮುಂದಿನ ಮನೆಗೆ ಕಾಲಿಡುವುದಿಲ್ಲ ಅನ್ನುತ್ತಿತ್ತು. ಇನ್ನೊಬ್ಬಳದು ಅಫಜಲಪುರದ ಸಂತೆಯಲ್ಲಿ ಎಮ್ಮೆ ಕಳೆದುಕೊಂಡು ಹುಡುಕುತ್ತ ಹೊರಟಾಕೆ. ಯಾವ ಮನೆಯ ಮುಂದೆ ನಿಂತರೂ ಆ ಮನೆಯವಳ ಮೇಲೇ ಕಳ್ಳತನ ಹೊರಿಸುತ್ತಿದ್ದಳು. ನಕ್ಕು ನಕ್ಕು ಕವಡೆ ಬಿಡಲು ಕೈ ನಡೆಯುತ್ತಿರಲಿಲ್ಲ.

ಕಾಯಿ ಏನಾದರೂ ಕೇಳಿದರೆ ಎದುರಿನ ಕಾಯಿ ಹೌದು ಅನ್ನಬೇಕು ಇಲ್ಲವೇ ಇಲ್ಲ ಅನ್ನಬೇಕು, ಬಾಯಿ ಕಟ್ಟಿ ಕೂಡುವಂತಿಲ್ಲ. ಒಬ್ಬರ ಕಾಯಿಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು: ಆಟ ಮುಗಿದು ಹಸಿ ಅರಿವೆಯಿಂದ ಗೆರೆ ಒರೆಸಿದ ಮೇಲೆ ಕಾಯಿ ಆಡಿದ ಮಾತನ್ನು ಯಾರೂ ಎತ್ತುವಂತಿಲ್ಲ. ಅಡಿಗೆ ಮನೆಯಲ್ಲೂ ಇಲ್ಲ, ಗಂಡನ ಮುಂದೂ ಇಲ್ಲ. ಎತ್ತಿದವಳಿಗೆ ಆ ಕಟ್ಟೆಯ ಮೇಲೆ ಮತ್ತೆ ಜಾಗ ಇಲ್ಲ.

ನಾನು ಸೊನ್ನದ ಹುಡುಗಿ, ಭೀಮಾ ನದಿಯ ದಂಡೆಯವಳು. ಮೂರನೇ ಇಯತ್ತೆಯವರೆಗೆ ಓದಿದ್ದೆ. ನೆಲೋಗಿಗೆ ಸೊಸೆಯಾಗಿ ಬಂದು ಎರಡು ವರ್ಷ ಅತ್ತೆಯ ಮುಂದೆ "ಹೂಂ" ಬಿಟ್ಟು ಇನ್ನೊಂದು ಮಾತು ಆಡಿರಲಿಲ್ಲ. ಆಗಿನ ಮನೆಗಳೇ ಹಾಗೆ. ಒಂದು ದಿನ ಆಯಿ ನಮ್ಮ ಬಾಗಿಲಿಗೆ ಬಂದು ಅತ್ತೆಯನ್ನು ಕೇಳಿದಳು: "ಸೊಸೀನ ಏನ್ ನಾಗಂದಿಗಿ ಮ್ಯಾಲ ಇಟ್ಟೀದಿ ಏನ್ಬೇ, ಹಿತ್ತಾಳಿ ಕೊಡಾ ಇಟ್ಟಂಗ? ಕೆಳಗ ಇಳಸು. ಒಂದು ಕೈ ಕಡಿಮಿ ಬಿದ್ದದ."

ಹೋಗಿ ಕುಳಿತೆ. ಎದುರಿಗೆ ಅತ್ತೆಯೇ. ನನ್ನ ಕಾಯಿ ಆಕೆಯ ಮನೆಯ ಮುಂದೆ ಬಂತು. ಆಕೆ ಕೇಳಿದಳು, ನಾನು ತಲೆ ತಗ್ಗಿಸಿದೆ. ಆಯಿ ಆ ಹೆಬ್ಬೆರಳಿನಿಂದ ನನ್ನ ಪಕ್ಕೆಗೆ ತಿವಿದಳು. "ನಿನ್ನ ಯಾರು ಕೇಳ್ಯಾರ? ಕಾಯಿಗಿ ಕೇಳ್ಯಾರ. ಅದು ಹೇಳ್ಲಿ."

ಕಾಯಿ ಹೇಳಿತು: "ನಾ ಸೊನ್ನದಾಕಿ. ಎಲ್ಲರದೂ ಉಂಡಾದ ಮ್ಯಾಲ ನನಗ ತಂಗಳ ರೊಟ್ಟಿ ಹಾಕ್ತಾರ. ಬಿಸಿ ರೊಟ್ಟಿ ಹ್ಯಾಂಗಿರ್ತದ ಅಂತ ಮರತೇ ಹೋಗ್ಯದ. ಒಂದು ಕೊಡ್ತೀಯೇನವ್ವ?"

ಅತ್ತೆಯ ಮುಖ ಕೆಂಪಾಯಿತು. ಉತ್ತರ ಕೊಡಲೇಬೇಕಲ್ಲ. "ಕೊಡ್ತೀನಿ, ಮುಂದ ನಡಿ" ಅಂದಳು. ಮರುದಿನ ಬೆಳಿಗ್ಗೆ ತವೆಯಿಂದ ಇಳಿದ ರೊಟ್ಟಿ, ಮೇಲೆ ಶೇಂಗಾ ಹಿಂಡಿ ಹಾಕಿ, ನನ್ನ ಮುಂದೆ ಕುಕ್ಕಿದಳು. ಸಾಯುವವರೆಗೂ ಬಿಸಿ ರೊಟ್ಟಿಯನ್ನೇ ಹಾಕಿದಳು.

ಇದಾಗಿ ಹದಿನೈದು ವರ್ಷದ ಮೇಲೆ, ಊರಿಗೆ ಒಂದೋ ಎರಡೋ ಟಿವಿ ಬಂದ ಹೊಸದರಲ್ಲಿ, ಆ ಪುಸ್ತಕ ಬಂತು. ತಂದವನು ಒಬ್ಬ ಡ್ರಿಲ್ ಮಾಸ್ತರ. ಜೇವರ್ಗಿಯಲ್ಲಿ ಹೆಂಗಸರ ಆಟದ ಸ್ಪರ್ಧೆ ಇಟ್ಟಿದ್ದಾರೆ, ಚೌಕಾಬಾರವೂ ಇದೆ, ಗೆದ್ದ ಓಣಿಗೆ ದೊಡ್ಡ ಸ್ಟೀಲಿನ ಕೊಡ ಅಂತ ಹೇಳಿದ. ನಮಗೆಲ್ಲ ಕೊಡ ಕಣ್ಣಿಗೆ ಕಟ್ಟಿತು. ಆಮೇಲೆ ಚೀಲದಿಂದ ತೆಳ್ಳನೆಯ ಪುಸ್ತಕ ತೆಗೆದ. ಹಳದಿ ರಟ್ಟು, ನಡುವೆ ಎರಡು ಪಿನ್ನು. "ಇದರಾಗ ಹೊಸ ಕಾಯ್ದಾ ಅದಾವ. ಇದರ ಪ್ರಕಾರನ ಆಡ್ಬೇಕು. ಓದಾಕ ಯಾರಿಗಿ ಬರ್ತದ?"

ಓಣಿಯ ಹೆಂಗಸರಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ಕೈ ಎತ್ತಿದೆ. ಆ ಕೈ ಎತ್ತಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಹೊಡೆತ ತಿಂದ ಕಾಯಿ ಮರಳಿ ಆಟಕ್ಕೆ ಬರತಕ್ಕದ್ದಲ್ಲ. ಒಬ್ಬರ ಕಾಯಿಗಳು ಹಣ್ಣಾದ ಕೂಡಲೇ ಆಟ ಮುಕ್ತಾಯ. ಆಟದ ವೇಳೆ ಆಟಗಾರರು ಪರಸ್ಪರ ಮಾತನಾಡತಕ್ಕದ್ದಲ್ಲ, ಮಾತನಾಡಿದಲ್ಲಿ ಸರದಿ ರದ್ದು.

ಆಯಿ ಸೂಜಿಗೆ ನೂಲು ಪೋಣಿಸುತ್ತಿದ್ದಳು. ಪೋಣಿಸುವುದು ಬಿಟ್ಟು ಕೇಳಿದಳು: "ಮಾಸ್ತರ್ರ, ಹೊಡದ ಕಾಯಿ ವಾಪಸ್ ಬರಬಾರದಂತ ಯಾಕ್ರಿ?"

"ಟೈಮ್ ಉಳೀತದ ಆಯಿ."

"ಉಳಿದ ಟೈಮ್ ಏನ್ ಮಾಡ್ತೀರಿ?"

ಮಾಸ್ತರ ನಕ್ಕ. "ಬೇರೆ ಆಟ ಆಡಿಸ್ತೀವ್ರಿ."

"ಅದನ್ನೂ ಲಗೂ ಮುಗಸ್ತೀರಿ?"

"ಹೌದ್ರಿ."

"ಹಂಗಾದ್ರ ಆಡೂದ್ಯಾಕ್ರಿ? ಮನ್ಯಾಗ ಕುಂತು ಕೊಡಾ ಹಂಚಿಬಿಡ್ರಿ." ಆಮೇಲೆ ಹೆಬ್ಬೆರಳನ್ನು ಪುಸ್ತಕದ ಕಡೆ ಚಾಚಿದಳು. "ಇದನ್ನ ಬರದವರು ಯಾರು?"

"ಕಮಿಟಿಯವರು ಬರದಾರ."

"ಅವರೊಳಗ ಹೆಂಗಸ್ರು ಎಷ್ಟು ಮಂದಿ?"

"ಕಮಿಟಿಯೊಳಗ ಹೆಂಗಸ್ರು ಇಲ್ರಿ. ಆದ್ರ ಎಲ್ಲರೂ ಕಲತವರು."

"ಏನ್ ಕಲತಾರ? ಕವಡಿ ಹಿಡಿಯೂದು ಕಲತಾರ?"

ಮಾಸ್ತರ ಕೆಟ್ಟವನಲ್ಲ. ಆತನಿಗೆ ಒಂದು ಕೆಲಸ ಹೇಳಿದ್ದರು, ಮಾಡುತ್ತಿದ್ದ. ನನ್ನ ಸಿಟ್ಟು ಆತನ ಮೇಲಲ್ಲ. ಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಕೂಡದೆ, ಹೆಂಗಸರು ಆಡುವಾಗ ಯಾಕೆ ಮಾತಾಡುತ್ತಾರೆ ಅಂತ ಒಬ್ಬರನ್ನೂ ಕೇಳದೆ, ಕುರ್ಚಿಯಲ್ಲಿ ಕುಳಿತು "ತಕ್ಕದ್ದಲ್ಲ" ಅಂತ ಬರೆದವರ ಮೇಲೆ. ಅವರಿಗೆ ಅದು ಗದ್ದಲ ಅನ್ನಿಸಿರಬೇಕು. ಗದ್ದಲ ನಿಲ್ಲಿಸಿದೆವು ಅಂತ ಖುಷಿಪಟ್ಟು ಚಹಾ ಕುಡಿದಿರಬೇಕು.

ಮಾಸ್ತರ ಪುಸ್ತಕವನ್ನೂ ಒಂದು ಸೀಟಿಯನ್ನೂ ನನ್ನ ಕೈಗೆ ಕೊಟ್ಟು, ತಿಂಗಳೊಳಗೆ ತಯಾರಾಗಿರಿ, ನೀವೇ ಪಂಚರು ಅಂದು ಬಸ್ಸು ಹತ್ತಿದ. ನಾನು ಸೀಟಿಯನ್ನು ಕೊರಳಿಗೆ ಹಾಕಿಕೊಂಡೆ. ಯಾರಾದರೂ ಪಿಟ್ಟೆಂದರೆ ಊದಿದೆ. ಹಿರಿಯ ಹೆಂಗಸರು "ಏನ್ ಬರದಾರ, ನೋಡಿ ಹೇಳವ್ವ" ಅಂತ ನನ್ನನ್ನು ಕೇಳುತ್ತಿದ್ದರು. ಅಲ್ಲಿಯವರೆಗೆ ಓಣಿಯಲ್ಲಿ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ. ಅದರ ರುಚಿ ಹತ್ತಿತ್ತು ನನಗೆ. ಆಯಿ ಮಾತ್ರ ತನ್ನ ಕಟ್ಟೆಯ ಮೇಲೇ ಮೂಲೆಗೆ ಸರಿದು ಕೌದಿ ಹೊಲಿಯುತ್ತ ಕೂಡುತ್ತಿದ್ದಳು, ಆಡಲು ಕರೆದರೆ ಬರುತ್ತಿರಲಿಲ್ಲ. "ಮೂಕಬಸವಿಗೋಳು" ಅನ್ನುತ್ತಿದ್ದಳು, ನಮಗೆಲ್ಲ ಕೇಳುವ ಹಾಗೆ.

ನಮ್ಮ ಪಕ್ಕದ ಮನೆಗೆ ಆಳಂದದ ಕಡೆಯ ಜಿಡಗಾದಿಂದ ಒಬ್ಬ ಸೊಸೆ ಬಂದಿದ್ದಳು. ಇನ್ನೂ ಹುಡುಗಿ. ಹಿಂದಿನ ವರ್ಷ ಬಸಿರಾಗಿ ಏಳು ತಿಂಗಳಿಗೆ ಕೂಸು ಹೋಗಿತ್ತು. ಕೂಸು ಹೋಗುವ ಹಿಂದಿನ ದಿನವೂ ಆಕೆಯಿಂದ ತೊಗರಿ ಕಟ್ಟಿಗೆಯ ಹೊರೆ ಹೊರಿಸಿದ್ದರು. ಈಗ ಮತ್ತೆ ಆರು ತಿಂಗಳು. ತವರಿಗೆ ಹೋಗಬೇಕು ಅಂತ ಆಕೆಯ ಜೀವ ಒದ್ದಾಡುತ್ತಿತ್ತು. ಅತ್ತೆ ಕಳಿಸುತ್ತಿರಲಿಲ್ಲ. ಕಾರಣ ಏನೆಂದರೆ, ಜಿಡಗಾದಲ್ಲಿ ಆ ಹುಡುಗಿಯ ಅಣ್ಣನ ಮದುವೆಯಲ್ಲಿ ಬೀಗರನ್ನು ಊಟದ ಮೊದಲ ಪಂಕ್ತಿಗೆ ಕರೆಯಲಿಲ್ಲವಂತೆ. ಎರಡನೇ ಪಂಕ್ತಿಗೆ ಕುಳಿತು ಉಂಡ ಸಿಟ್ಟು ಒಂದು ಬಸುರಿ ಹೆಣ್ಣಿನ ಮೇಲೆ! ಅವರು ಬಂದು ತಪ್ಪಾಯಿತು ಅನ್ನುವವರೆಗೆ ಕಳಿಸುವುದಿಲ್ಲ ಅಂತ ಓಣಿಗೆಲ್ಲ ಸಾರಿದ್ದಳು. ಗಂಡ ಅವ್ವನ ಮುಂದೆ ಬಾಯಿ ತೆರೆಯುವವನಲ್ಲ. ಸೊಸೆ ತಾನೇ ಕೇಳಿದರೆ ಬಾಯಿಬಡಕಿ ಅನ್ನಿಸಿಕೊಳ್ಳಬೇಕು, ಹೊಡೆತ ಬೇರೆ. ಹೊರಗಿನವರು ಹೇಳಿದರೆ ನಿಮಗ್ಯಾಕೆ ಅನ್ನುತ್ತಾಳೆ.

ಉಳಿದದ್ದು ಕಟ್ಟೆ. ಪುಸ್ತಕ ಬರುವ ಮೊದಲು ಆ ಹುಡುಗಿಯ ಕಾಯಿ ಒಂದೊಂದೇ ಮಾತು ಆಡಲು ಶುರುಮಾಡಿತ್ತು. ಮೊದಲ ಸಲ ಜಿಡಗಾದ ಮಠ ನೋಡಲು ಹೊರಟಿದ್ದೇನೆ ಅಂತು. ಇನ್ನೊಂದು ಸಲ ಮಠದ ಹತ್ತಿರ ನಮ್ಮವ್ವನ ಮನೆ ಇದೆ ಅಂತು. ಆಯಿ ನನ್ನ ಕಿವಿಯಲ್ಲಿ, "ಇನ್ನ ನಾಕೈದು ಆಟ. ಆ ಪೋರಿ ಕೇಳ್ತಾಳ ನೋಡು" ಅಂದಿದ್ದಳು. ಅಷ್ಟರಲ್ಲಿ ಪುಸ್ತಕ ಬಂತು, ನನ್ನ ಸೀಟಿ ಬಂತು. ಹುಡುಗಿ ತಿಂಗಳೆಲ್ಲ ಕವಡೆ ಬಿಟ್ಟಳು, ಕಾಯಿ ನಡೆಸಿದಳು, ಎದ್ದು ಹೋದಳು. ಚಲೋ ಆಡುತ್ತಿದ್ದಳು. ಆಕೆಯಿಂದ ಕೊಡ ನಮಗೇ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಜೇವರ್ಗಿಗೆ ಹೋಗಲು ವಾರ ಉಳಿದಿತ್ತು. ಮಧ್ಯಾಹ್ನದ ಆಟದಲ್ಲಿ ಆ ಹುಡುಗಿಯೂ ಆಕೆಯ ಅತ್ತೆಯೂ ಎದುರುಬದುರು. ಹುಡುಗಿಯ ಕಾಯಿ ಅತ್ತೆಯ ಮನೆಯ ಮುಂದೆ ಬಂದು ನಿಂತಿತು. ಪುಸ್ತಕದ ಪ್ರಕಾರ ಯಾರೂ ಏನೂ ಕೇಳುವಂತಿಲ್ಲ. ಹುಡುಗಿ ಕಾಯಿಯ ಮೇಲಿಂದ ಬೆರಳು ತೆಗೆಯಲಿಲ್ಲ. ಆಮೇಲೆ, ಕೇಳದಿದ್ದರೂ, ಆಕೆಯೇ ಅಂದಳು:

"ಈ ಕಾಯಿ ಜಿಡಗಾಕ್ಕ ಹೊಂಟದ್ರಿ. ಇಲ್ಲೇ ಇದ್ರ ಇದೂ ಉಳಿಯಂಗಿಲ್ಲ ಅಂತ ಅದಕ ಅಂಜಿಕಿ ಹತ್ಯಾದ. ದಾರಿ ಬಿಡ್ರಿ."

ಅತ್ತೆ ಸೊಸೆಯ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿದಳು. "ಆಡೂ ಮುಂದ ಮಾತಾಡಬಾರದಂತ ಪುಸ್ತಕದಾಗ ಬರದಾರಲ್ಲ? ಹೌದಿಲ್ಲೋ ಓದಬೇ."

ನಾನು ಓದಿದೆ. ಪುಟ ತಿರುವಿ, ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ ಓದಿದೆ. ಮಾತನಾಡತಕ್ಕದ್ದಲ್ಲ. ಸರದಿ ರದ್ದು. ಸೀಟಿಯನ್ನೂ ಊದಿದೆ.

ಆ ಹುಡುಗಿ ನನ್ನನ್ನು ನೋಡಿದಳು. ಆ ನೋಟ ಹೇಗಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ. ಅತ್ತೆ ಕವಡೆಗೆ ಕೈ ಹಾಕಿದಳು.

ಮೂಲೆಯಿಂದ ಆಯಿ ಕೌದಿಯನ್ನು ಒದ್ದು ಎದ್ದು ಬಂದಳು. ಹುಡುಗಿಯ ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ನನ್ನ ಮುಂದೆ ನಿಂತಳು.

"ಎರಡು ವರ್ಷ ನೀ ಬಾಯಿಲ್ಲದ ಕುಂತಿದ್ದಿ. ಬಾಯಿ ಎಲ್ಲಿ ಬಂತು ನಿನಗ? ಇಲ್ಲೇ, ಈ ಕಲ್ಲಿನ ಮ್ಯಾಲ. ಆವತ್ತ ನಿಮ್ಮತ್ತಿ ಕೈಯಾಗ ಇಂಥದೊಂದು ಪುಸ್ತಕ ಇದ್ದಿದ್ರ ಇವತ್ತಿಗೂ ತಂಗಳಾ ತಿಂತಿದ್ದಿ. ಅಕ್ಷರ ಬರ್ತದಂತ ಏನ್ ಕೊಟ್ರೂ ಓದಿಬಿಡೂದ?"

ಗೆರೆ ಒರೆಸಿದ ಮೇಲೆ ಕಾಯಿಯ ಮಾತು ಎತ್ತಬಾರದು ಅನ್ನುವ ಕಾಯ್ದೆಯನ್ನು ಮಾಡಿದವಳೇ ಅದನ್ನು ಮುರಿದಿದ್ದಳು, ನಾಲ್ಕು ಮಂದಿಯ ಮುಂದೆ. ನನಗೆ ಎಷ್ಟು ನಾಚಿಕೆ ಆಯಿತೋ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆಕೆಯ ಮೇಲೆ. ಆಮೇಲೆ ಸಿಟ್ಟು ಇಳಿಯಲು ಜಾಗ ಹುಡುಕಿ ನನ್ನ ಕೈಯಲ್ಲಿದ್ದ ಪುಸ್ತಕಕ್ಕೆ ಬಂತು. ಪುಸ್ತಕವನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತೆ. ಕೊರಳಿನ ಸೀಟಿ ತೆಗೆದಿಟ್ಟೆ.

"ಕಾಯಿ ಕೇಳ್ಯಾದ" ಅಂದೆ ಹುಡುಗಿಯ ಅತ್ತೆಗೆ. "ನಿಮ್ಮ ಕಾಯಿ ಹೌದಂದ್ರ ಹೌದನ್ನಲಿ, ಇಲ್ಲಂದ್ರ ಇಲ್ಲನ್ನಲಿ."

"ಪುಸ್ತಕದಾಗ..."

"ಪುಸ್ತಕ ಇಲ್ಲಿಲ್ರಿ."

ಇನ್ನೊಂದು ಬದಿಯಲ್ಲಿ ಕುಳಿತಿದ್ದ ಎಮ್ಮೆ ಕಳೆದುಕೊಂಡಾಕೆ ಅಂದಳು: "ಹೇಳ್ಬೇ. ನಾವೂ ಕಾಯಾಕತ್ತೀವಿ." ಮತ್ತೊಬ್ಬಳೂ ಅಂದಳು. ಯಾರೂ ಕವಡೆ ಮುಟ್ಟಲಿಲ್ಲ.

ಹುಡುಗಿಯ ಅತ್ತೆ ಸೆರಗು ಸರಿ ಮಾಡಿಕೊಂಡಳು. "ಜಿಡಗಾದವರಿಗಿ ಮಂದಿಗಿ ಮರ್ಯಾದಿ ಕೊಟ್ಟು ಗೊತ್ತಿಲ್ಲ" ಅಂದಳು.

"ಅದು ಉತ್ತರ ಅಲ್ಲ" ಅಂದಳು ಆಯಿ.

"ಹೋಗ್ಲಿ. ಸೋಮಾರ ಹೋಗ್ಲಿ. ನಮ್ಮ ಮನ್ಯಾಗಿನವರು ಯಾರೂ ಬಿಟ್ಟುಬರಾಕ ಹೋಗಂಗಿಲ್ಲ."

"ನಾ ಹೋಗ್ತೀನಿ. ನನ್ನ ಮೊದಲ್ನೇ ಪಂಕ್ತಿಗಿ ಕರದ್ರೂ ಸೈ, ಕರೀದಿದ್ರೂ ಸೈ" ಅಂದಳು ಆಯಿ.

ಆ ಅತ್ತೆಯ ಮನಸ್ಸು ಕರಗಿತು ಅಂತ ಯಾರೂ ತಿಳಿಯಬೇಡಿ. ಕಾಯಿ ಕೇಳಿದ್ದಕ್ಕೆ ಉತ್ತರ ಕೊಡದವಳನ್ನು ನಾಳೆಯಿಂದ ಓಣಿಯ ಹೆಂಗಸರು ಯಾವುದಕ್ಕೂ ಕರೆಯುವುದಿಲ್ಲ ಅನ್ನುವುದು ಆಕೆಗೆ ಗೊತ್ತಿತ್ತು, ಅಷ್ಟೆ. ಸೋಮವಾರ ಬೆಳಿಗ್ಗೆ ಸೊಸೆಯ ಗಂಟನ್ನು ಹೊಸ್ತಿಲ ಹೊರಗೆ ಇಟ್ಟು ಒಳಗೆ ಹೋದಳು. ಆಯಿ ಗಂಟು ಎತ್ತಿಕೊಂಡು, ಹುಡುಗಿಯನ್ನು ಮುಂದೆ ಹಾಕಿಕೊಂಡು, ಗುಲ್ಬರ್ಗಾದ ಬಸ್ಸು ಹತ್ತಿದಳು. ಅಲ್ಲಿಂದ ಆಳಂದ, ಆಳಂದದಿಂದ ಜಿಡಗಾ. ಮೂರು ದಿನ ಬಿಟ್ಟು ಬಂದು, ಅವರ ಮನೆಯ ಹೋಳಿಗೆಯಲ್ಲಿ ಬೆಲ್ಲ ಕಡಿಮೆ ಇತ್ತು ಅಂದಳು.

ತಿಂಗಳು ತುಂಬಿ ಹೆಣ್ಣು ಕೂಸು ಹುಟ್ಟಿತು. ಉಳಿಯಿತು. ಈ ವಿಷಯ ಬರೆಯಲೇ ಅಂತ ಆ ಹುಡುಗಿಯನ್ನೇ ಕೇಳಿದ್ದೇನೆ, ಈಗ ಆಕೆಯೂ ಆಯಿ ಆಗಿದ್ದಾಳೆ. "ಬರೀರಿ ಅತ್ತಿ, ನನ್ನ ಕಾಯಿ ಮಾತು ನನ್ನದು, ನಾನ ಕೊಟ್ಟೀನಿ" ಅಂದಳು. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಜೇವರ್ಗಿಗೂ ಹೋದೆವು. ಆಯಿಯೇ ಆಡಲು ಕುಳಿತಳು. ಎದುರಿನ ಊರಿನ ಹೆಣ್ಣುಮಗಳಿಗೆ "ಯಾರವ್ವ ನೀ" ಅಂದಳು. ಪಾಪ, ಆಕೆ ಸೀಟಿಗೆ ಅಂಜಿ ಬಾಯಿ ಬಿಡಲಿಲ್ಲ. ಆಯಿ ಮತ್ತೆ ಕೇಳಿದಳು. ಚಹಾ ಆರುವಷ್ಟರಲ್ಲಿ ನಮ್ಮನ್ನು ಹೊರಗೆ ಹಾಕಿದರು. ಪಂಚರ ಮೇಜಿನ ಮೇಲೆ ಕೊಡ ಥಳಥಳ ಹೊಳೆಯುತ್ತಿತ್ತು. ಆಯಿ ಅದನ್ನು ಒಮ್ಮೆ ಹೆಬ್ಬೆರಳಿನಿಂದ ಟಣ್ ಅನ್ನಿಸಿ ಹೇಳಿದಳು: "ನಿಮ್ಮ ಹತ್ರನ ಇಟಗೋರಿ ಸಾಹೇಬ್ರ. ಇದಕ್ಕಾದ್ರೂ ಮಾತಾಡಾಕ ಬರ್ತದ."

ಆ ಬೇಸಿಗೆ ಮೂವರು ಆಕೆಗೆ ಕೌದಿ ಹೊಲಿಯಲು ಬಟ್ಟೆ ಕೊಡಲಿಲ್ಲ. ಕೊಡ ತಪ್ಪಿಸಿದಳು ಅಂತ. ಹುಡುಗಿಯ ಅತ್ತೆ ಅಲ್ಲ, ಆಕೆ ಕೊಟ್ಟಳು. ಕೊಡದಿದ್ದವರು ಬೇರೆಯವರು, ಆಯಿಯ ಕಟ್ಟೆಯ ಮೇಲೆ ಬೆಳೆದವರು. ಇಂಥ ಜನ ನಾವು.

ನನಗೆ ಆಕೆ ಒಮ್ಮೆಯೂ ಚಲೋ ಮಾಡಿದಿ ಅನ್ನಲಿಲ್ಲ. ನಾನು ಮೊದಲು ಓದಿದ್ದನ್ನು ಮರೆಯಲೂ ಇಲ್ಲ. ಕಾಯಿಲೆ ಬಿದ್ದಾಗ ಗಂಜಿ ತೆಗೆದುಕೊಂಡು ಹೋದರೆ, "ಪುಸ್ತಕದಾಗ ಗಂಜಿಗಿ ಉಪ್ಪು ಹಾಕಬಾರದಂತ ಬರದಾರೇನ?" ಅಂದಳು. ಎಂಟು ದಿನ ಜ್ವರ ಬಂದು ತೀರಿಕೊಂಡಳು. ಸಾಯುವ ವಯಸ್ಸಾಗಿತ್ತು, ಸತ್ತಳು. ನಾನು ಅಳಲಿಲ್ಲ. ಆಕೆಗೆ ಅಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಹಳದಿ ರಟ್ಟಿನ ಪುಸ್ತಕವನ್ನು ಹುಡುಕಿ ಒಲೆಗೆ ಹಾಕಿದೆ. ಅದರಿಂದೇನೂ ಆಗಲಿಲ್ಲ. ಅಂಥವು ಬೇಕಾದಷ್ಟು ಅಚ್ಚು ಹಾಕಿಸಿದ್ದರು. ಈಗ ಸುತ್ತಿನ ಊರುಗಳಲ್ಲೆಲ್ಲ ಸ್ಪರ್ಧೆ ಅಂದರೆ ಆ ಕಾಯ್ದೆಯೇ. ಹೆಣ್ಣುಮಕ್ಕಳು ಪರೀಕ್ಷೆಗೆ ಕುಳಿತ ಹಾಗೆ ತಲೆ ತಗ್ಗಿಸಿ ಕವಡೆ ಬಿಡುತ್ತಾರೆ. ಗೆದ್ದವರು ಫೋಟೋ ತೆಗೆಸಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ಆಯಿ ತೀರಿದ ಮೇಲೆ ಆಟ ನಮ್ಮ ಪಡಸಾಲೆಗೆ ಬಂದಿದೆ. ಎದುರಿಗೆ ನನ್ನ ಸೊಸೆ ಕೂಡುತ್ತಾಳೆ. ಕಳೆದ ವಾರ ಆಕೆಯ ಕಾಯಿ ನನ್ನ ಮನೆಯ ಮುಂದೆ ನಿಂತು ಏನು ಕೇಳಿತು ಅನ್ನುವುದನ್ನು ಬರೆಯುವ ಹಕ್ಕು ನನಗಿಲ್ಲ. ಕೇಳಿ ಮೈಯೆಲ್ಲ ಉರಿಯಿತು. ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದು, ಮೂವತ್ತು ವರ್ಷ ನನ್ನ ಸೊಂಟದಲ್ಲಿದ್ದ ಕಾಳಿನ ಕೋಣೆಯ ಬೀಗದ ಕೈಯನ್ನು ಬಿಚ್ಚಿ ಆಕೆಯ ಮುಂದೆ ಇಟ್ಟೆ. ಸಿಟ್ಟಿನಿಂದಲೇ ಇಟ್ಟೆ.